ವಿಡಿಯೊ ಕರೆಯ ಎರಡು ತುದಿಗಳು



ಸಾಹಿತ್ಯ, ಶಾಸನ, ಇತಿಹಾಸಗಳ ಉಪನ್ಯಾಸ ಕೇಳಿ ಅಭ್ಯಾಸವಾದ ಈ ಸಭಾಂಗಣದಲ್ಲಿ ಮೊಬೈಲ್ ಫೋನಿನ ಅಪ್‌ಡೇಟ್ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಂಘಟಕರು ತಕ್ಷಣ ಒಪ್ಪಿದರು. ಅವರಿಗೆ ನಾನು ಋಣಿ. ಮಕ್ಕಳು ಊರಲ್ಲಿಲ್ಲದ ಮನೆಗಳು ನಮ್ಮ ಜಿಲ್ಲೆಗಳಲ್ಲಿ ಎಷ್ಟಿವೆ ಎಂಬುದು ನಿಮಗೇ ಗೊತ್ತು. ಬೆಂಗಳೂರು, ಪುಣೆ, ದುಬೈ, ಡಲ್ಲಾಸ್ ಎಂದು ಹೋದವರ ಮುಖ ಮನೆಯವರಿಗೆ ಕಾಣುವುದು ಫೋನಿನ ಪರದೆಯ ಮೇಲೆ. ಎಷ್ಟೋ ಅಜ್ಜ ಅಜ್ಜಿಯರು ಮೊಮ್ಮಗುವನ್ನು ಮೊದಲು ನೋಡಿದ್ದೂ ಅಲ್ಲೇ. ಆ ಕರೆ ಒಂದು ದಿನ ಬೆಳಗಾಗುವಷ್ಟರಲ್ಲಿ ನಿಂತುಹೋದರೆ, ಫೋನು ಕೆಳಗೆ ಬಿದ್ದಿಲ್ಲ, ನೀರಿಗೂ ಬಿದ್ದಿಲ್ಲ, ಕರೆನ್ಸಿಯೂ ಮುಗಿದಿಲ್ಲ ಎಂದಾದರೆ, ಅದನ್ನು ನಿಲ್ಲಿಸಿದವರು ಯಾರು? ಅವರು ಯಾರನ್ನು ಕೇಳಿ ನಿಲ್ಲಿಸಿದರು? ಇಂದಿನ ನನ್ನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತ.

ಫೋನಿನಲ್ಲಿರುವ ಕ್ಯಾಲ್ಕುಲೇಟರ್ ಬದಲಾದರೆ ಅದರ ಪರಿಣಾಮ ನನಗೊಬ್ಬನಿಗೆ. ಕರೆಯ ವಿಷಯ ಹಾಗಲ್ಲ, ಅದಕ್ಕೆ ಎರಡು ತುದಿಗಳಿವೆ. ನೀವು ವಿಡಿಯೊ ಕಾಲ್ ಬಟನ್ ಒತ್ತಿದ ಕ್ಷಣದಿಂದ ಮಗಳ ಮುಖ ಮೂಡುವವರೆಗೆ ಒಂದೆರಡು ಸೆಕೆಂಡುಗಳಲ್ಲಿ ಬಹಳಷ್ಟು ಕೆಲಸ ನಡೆಯುತ್ತದೆ. ಕಂಪನಿಯ ಸರ್ವರ್ ಆಚೆಯ ಫೋನನ್ನು ಹುಡುಕುತ್ತದೆ. ಎರಡೂ ಫೋನುಗಳು ತಮ್ಮೊಳಗೆ ಅಡಕವಾಗಿರುವ ಡಿಜಿಟಲ್ ಪ್ರಮಾಣಪತ್ರ ತೋರಿಸಿ ತಮ್ಮ ಗುರುತು ಸಾಬೀತುಪಡಿಸುತ್ತವೆ. ಚಿತ್ರವನ್ನು ಯಾವ ವಿಧಾನದಲ್ಲಿ ಕುಗ್ಗಿಸಿ ಕಳಿಸಬೇಕು, ಗೂಢಲಿಪಿಯ ಕೀಲಿ ಯಾವುದು ಎಂದು ಮಾತುಕತೆಯಾಗುತ್ತದೆ. ಕೊನೆಗೆ ನೇರ ದಾರಿ ಸಿಕ್ಕರೆ ಒಂದು ಫೋನಿನಿಂದ ಇನ್ನೊಂದಕ್ಕೆ ನೇರವಾಗಿ, ಸಿಗದಿದ್ದರೆ ನಡುವಿನ ಒಂದು ಸರ್ವರ್ ಮೂಲಕ ಚಿತ್ರ, ಧ್ವನಿ ಹರಿಯುತ್ತವೆ. ಇವುಗಳಲ್ಲಿ ಯಾವೊಂದು ಹಂತದ ಹಳೆಯ ನಿಯಮವನ್ನು ಕೈಬಿಟ್ಟರೂ ಎರಡು ತುದಿಗಳು ಒಟ್ಟಿಗೆ ಬದಲಾಗಬೇಕು. ಒಂದು ತುದಿ ಹಿಂದೆ ಉಳಿದರೆ ಕರೆ ಹೋಗುವುದಿಲ್ಲ.

ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್ ಹಳಿ ಬ್ರಾಡ್ ಗೇಜ್ ಆದದ್ದನ್ನು ನೋಡಿದವರು ಇಲ್ಲಿರಬಹುದು. ಹಳೆಯ ಬೋಗಿಗಳು ಹೊಸ ಹಳಿಯ ಮೇಲೆ ಓಡಲಿಲ್ಲ, ಓಡುವಂತಿರಲೂ ಇಲ್ಲ. ಆದರೆ ಹಳಿ ಬದಲಿಸುವ ಸುದ್ದಿ ಮೊದಲೇ ಎಲ್ಲರಿಗೂ ತಿಳಿದಿತ್ತು. ಹೊಸ ಬೋಗಿಯನ್ನು ತಂದದ್ದೂ ರೈಲ್ವೆಯೇ ಹೊರತು ಪ್ರಯಾಣಿಕರಲ್ಲ. ಫೋನಿನ ಲೋಕದಲ್ಲಿ ಹಳಿ ಬದಲಿಸುವವರು ಒಬ್ಬರು, ಬೋಗಿಯ ಖರ್ಚು ಇನ್ನೊಬ್ಬರದು.

ಇದು ಹೀಗೇ ಇರಬೇಕಾಗಿರಲಿಲ್ಲ. 2010ರ ಜೂನ್ 7ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಐಫೋನ್ 4 ಅನಾವರಣ ಮಾಡುತ್ತ, ವೇದಿಕೆಯ ಮೇಲಿಂದಲೇ ತಮ್ಮ ಸಹೋದ್ಯೋಗಿ ಜೋನಿ ಐವ್ ಅವರಿಗೆ ಫೇಸ್‌ಟೈಮ್ ಎಂಬ ಹೊಸ ವಿಡಿಯೊ ಕರೆ ಮಾಡಿದರು. ಆ ದಿನ ಅವರು ಇನ್ನೊಂದು ಮಾತನ್ನೂ ಕೊಟ್ಟರು: ಫೇಸ್‌ಟೈಮ್ ಅನ್ನು ಮುಕ್ತ ಮಾನದಂಡವಾಗಿ ಮಾಡುತ್ತೇವೆ, ಅದಕ್ಕಾಗಿ ನಾಳೆಯಿಂದಲೇ ಮಾನದಂಡ ಸಂಸ್ಥೆಗಳ ಬಳಿ ಹೋಗುತ್ತೇವೆ. ಆ ಮಾತು ನಡೆದಿದ್ದರೆ ಯಾವ ಕಂಪನಿಯ ಫೋನಿನಿಂದಲಾದರೂ ಫೇಸ್‌ಟೈಮ್ ಕರೆ ಮಾಡಬಹುದಿತ್ತು. ಸಾದಾ ದೂರವಾಣಿ ಕರೆಗೆ ಆಚೆಯವರ ಫೋನು ಯಾವ ಕಂಪನಿಯದು ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ. ಮಾತು ನಡೆಯಲಿಲ್ಲ. ಆಂಡ್ರಾಯ್ಡ್ ಮತ್ತು ವಿಂಡೋಸ್ ಬಳಸುವವರು ಬ್ರೌಸರಿನಲ್ಲಿ ಲಿಂಕ್ ತೆರೆದು ಫೇಸ್‌ಟೈಮ್ ಕರೆಗೆ ಸೇರುವಂತಾದದ್ದು 2021ರಲ್ಲಿ, ಐಫೋನಿನ ಆಪರೇಟಿಂಗ್ ಸಿಸ್ಟಂ ಆದ ಐಓಎಸ್‌ನ 15ನೇ ಆವೃತ್ತಿ ಬಂದ ಮೇಲೆ. ಆಗಲೂ ಅವರು ಕರೆಗೆ ಸೇರಬಹುದಿತ್ತು, ತಾವಾಗಿ ಕರೆ ಮಾಡುವಂತಿರಲಿಲ್ಲ.

ಮೊದಲಿಗೆ ಫೇಸ್‌ಟೈಮ್ ವೈಫೈನಲ್ಲಿ ಮಾತ್ರ ನಡೆಯುತ್ತಿತ್ತು. 2012ರಲ್ಲಿ ಐಓಎಸ್ 6 ಬಂದಾಗ ಮೊಬೈಲ್ ಡೇಟಾದಲ್ಲೂ ನಡೆಯತೊಡಗಿತು. ಫೋನಿನೊಳಗಿನ ಒಂದು ತಂತಿಯೂ ಬದಲಾಗದೆ ಕೇವಲ ತಂತ್ರಾಂಶದಿಂದ ಮನೆಯೊಳಗಿನ ಸೌಲಭ್ಯ ಬೀದಿಗೆ ಬಂತು. ಆದರೆ ಈ ಸೌಲಭ್ಯ ಸಿಕ್ಕಿದ್ದು ಐಫೋನ್ 4ಎಸ್ ಮತ್ತು ಅದರ ನಂತರದ ಮಾದರಿಗಳಿಗೆ. ಎರಡು ವರ್ಷದ ಹಿಂದೆ ಇಡೀ ಫೇಸ್‌ಟೈಮನ್ನು ಜಗತ್ತಿಗೆ ತೋರಿಸಲು ಬಳಸಿದ ಐಫೋನ್ 4ಕ್ಕೆ ಐಓಎಸ್ 6 ಬಂತು, ಈ ಸೌಲಭ್ಯ ಬರಲಿಲ್ಲ. ಒಂದೇ ಅಪ್‌ಡೇಟ್ ಒಂದೊಂದು ಫೋನಿಗೆ ಒಂದೊಂದು ತೂಕದಲ್ಲಿ ಬರುತ್ತದೆ ಎಂಬುದಕ್ಕೆ ಇದು ಮೊದಮೊದಲ ಉದಾಹರಣೆ.

ಈಗ ನಾನು ಸ್ವಲ್ಪ ಹೊತ್ತು ನಿಲ್ಲಬೇಕೆಂದಿರುವ ಪ್ರಕರಣಕ್ಕೆ ಬರುತ್ತೇನೆ. 2014ರ ಏಪ್ರಿಲ್ 16. ಅಂದು ಐಓಎಸ್ 6ರಲ್ಲೇ ಉಳಿದಿದ್ದ ಐಫೋನ್ 4 ಮತ್ತು 4ಎಸ್ ಬಳಕೆದಾರರಿಗೆ ಫೇಸ್‌ಟೈಮ್ ಕರೆ ಹೋಗುವುದು ನಿಂತಿತು. ಸಾಧನದೊಳಗಿನ ಪ್ರಮಾಣಪತ್ರದ ಅವಧಿ ಮುಗಿದಿದೆ, ಅದರಿಂದ ಒಂದು ದೋಷ ಉಂಟಾಗಿದೆ, ಹೊಸ ತಂತ್ರಾಂಶ ಹಾಕಿಕೊಂಡರೆ ಸರಿಹೋಗುತ್ತದೆ ಎಂದು ಆಪಲ್ ಹೇಳಿತು. ಹೊಸ ತಂತ್ರಾಂಶವೆಂದರೆ ಐಓಎಸ್ 7. ಅದನ್ನು ಹಾಕಿಕೊಂಡರೆ ಐಫೋನ್ 4 ಆಮೆಗತಿಗೆ ಇಳಿಯುತ್ತದೆ ಎಂಬ ದೂರು ಆಗಲೇ ವ್ಯಾಪಕವಾಗಿತ್ತು, ಬಹಳ ಜನ ಬೇಕೆಂದೇ ಹಳೆಯದರಲ್ಲಿ ಉಳಿದಿದ್ದರು. ಒಮ್ಮೆ ಏರಿದ ಮೇಲೆ ಹಿಂದಿನ ಆವೃತ್ತಿಗೆ ಇಳಿಯಲು ಕಂಪನಿ ಬಿಡುತ್ತಿರಲಿಲ್ಲ. ಕರೆ ಬೇಕೋ, ಫೋನಿನ ವೇಗ ಬೇಕೋ, ಒಂದನ್ನು ಆರಿಸಿಕೊಳ್ಳಿ ಎಂಬ ಸ್ಥಿತಿ ಅದು.

ಅದರ ಹಿಂದಿನ ಕಥೆ ಹೊರಬಂದದ್ದು ನ್ಯಾಯಾಲಯದಲ್ಲಿ. ಫೇಸ್‌ಟೈಮಿನ ಮೊದಲ ದಿನಗಳಲ್ಲಿ ಬಹುಪಾಲು ಕರೆಗಳು ಫೋನಿನಿಂದ ಫೋನಿಗೆ ನೇರವಾಗಿ ಹೋಗುತ್ತಿದ್ದವು. ಇದಕ್ಕೆ ಕಂಪನಿಗೆ ಹೆಚ್ಚೇನೂ ಖರ್ಚಿಲ್ಲ. ಆದರೆ ಈ ನೇರ ವಿಧಾನ ತನ್ನ ಪೇಟೆಂಟನ್ನು ಉಲ್ಲಂಘಿಸುತ್ತದೆ ಎಂದು ವರ್ನೆಟ್‌ಎಕ್ಸ್ ಎಂಬ ಕಂಪನಿ ದಾವೆ ಹೂಡಿತು. 2012ರ ನವೆಂಬರಿನಲ್ಲಿ ಟೆಕ್ಸಾಸಿನ ಜ್ಯೂರಿ ಆಪಲ್ ವಿರುದ್ಧ 36.8 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಅದಾದ ಮೇಲೆ ಆಪಲ್ ನೇರ ದಾರಿ ಬಿಟ್ಟು ಕರೆಗಳನ್ನು ಅಕಮೈ ಕಂಪನಿಯ ಸರ್ವರುಗಳ ಮೂಲಕ ಸುತ್ತಿಸಿ ಕಳಿಸತೊಡಗಿತು. ಪ್ರತಿ ಕರೆಯ ಚಿತ್ರ, ಧ್ವನಿಯೆಲ್ಲ ಬಾಡಿಗೆ ಸರ್ವರಿನ ಮೇಲೆ ಹಾದುಹೋದರೆ ಖರ್ಚು ಸಣ್ಣದಾಗಿರುವುದಿಲ್ಲ. ಆರು ತಿಂಗಳಿಗೆ ಸುಮಾರು 5 ಕೋಟಿ ಡಾಲರ್ ಎಂದು ಮುಂದಿನ ದಾವೆಯಲ್ಲಿ ಹೇಳಲಾಯಿತು. ಐಓಎಸ್ 7ರಲ್ಲಿ ಬೇರೆ ಬಗೆಯ ನೇರ ವಿಧಾನವಿತ್ತು. ಅಂದರೆ ಹಳೆಯದರಲ್ಲಿ ಉಳಿದ ಪ್ರತಿಯೊಬ್ಬರೂ ಕಂಪನಿಗೆ ಖರ್ಚಿನ ಬಾಬ್ತು.

2017ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಬಳಕೆದಾರರು ಸಾಮೂಹಿಕ ದಾವೆ ಹೂಡಿದರು. ಈ ಖರ್ಚು ಉಳಿಸಲೆಂದೇ ಹಳೆಯ ಫೋನುಗಳ ಫೇಸ್‌ಟೈಮನ್ನು ಉದ್ದೇಶಪೂರ್ವಕವಾಗಿ ಕೆಡಿಸಲಾಯಿತು ಎಂಬುದು ಅವರ ಆರೋಪ. ಐಓಎಸ್ 6ರ ಫೇಸ್‌ಟೈಮನ್ನು ನಾವು ಮುರಿದೆವು, ಅದು ಮತ್ತೆ ನಡೆಯಬೇಕಾದರೆ 7ಕ್ಕೆ ಏರುವುದೊಂದೇ ದಾರಿ ಎಂಬ ಅರ್ಥದ ಆಪಲ್ ಎಂಜಿನಿಯರರೊಬ್ಬರ ಇಮೇಲ್ ನ್ಯಾಯಾಲಯದ ಕಡತ ಸೇರಿತು. ತನ್ನಿಂದ ತಪ್ಪಾಗಿದೆ ಎಂದು ಆಪಲ್ ಒಪ್ಪಲಿಲ್ಲ. 2020ರಲ್ಲಿ 1.8 ಕೋಟಿ ಡಾಲರಿಗೆ ರಾಜಿಯಾಯಿತು. ಹಂಚಿದರೆ ಒಂದು ಫೋನಿಗೆ ಮೂರು ಡಾಲರ್ ಆಸುಪಾಸು ಎಂಬ ಅಂದಾಜಿತ್ತು, ಅದೂ ಕ್ಯಾಲಿಫೋರ್ನಿಯದವರಿಗೆ ಮಾತ್ರ.

ಈ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಒಂದು ಸಣ್ಣ ಸಂಗತಿ. ನಾಲ್ಕನೇ ತಲೆಮಾರಿನ ಐಪಾಡ್ ಟಚ್‌ಗೆ ಐಓಎಸ್ 7 ಹಾಕಲು ಬರುತ್ತಿರಲಿಲ್ಲ. ಅದಕ್ಕಾಗಿ 6.1.6 ಎಂಬ ಆವೃತ್ತಿ ಬಿಡುಗಡೆಯಾಗಿತ್ತು, ಅದರಲ್ಲಿ ಏಪ್ರಿಲ್ 16ರ ನಂತರವೂ ಫೇಸ್‌ಟೈಮ್ ನಡೆಯುತ್ತಿತ್ತು. ಐಓಎಸ್ 6ರಲ್ಲೇ ದುರಸ್ತಿ ಸಾಧ್ಯವಿತ್ತು, ಸಿದ್ಧವೂ ಇತ್ತು ಎಂದಾಯಿತು. ಐಫೋನ್ 4 ಇದ್ದವರಿಗೆ ಅದನ್ನು ಕೊಡಲಿಲ್ಲ, ಅಷ್ಟೆ. ಆಗದು ಎಂಬುದಕ್ಕೂ ಮಾಡುವುದಿಲ್ಲ ಎಂಬುದಕ್ಕೂ ಇರುವ ಅಂತರ ಹೊರಗಿನಿಂದ ನೋಡುವ ನಮಗೆ ಕಾಣುವುದಿಲ್ಲ. ಪರದೆಯ ಮೇಲೆ ಎರಡಕ್ಕೂ ಬರುವ ಸಂದೇಶ ಒಂದೇ.

ಹಾಗಾದರೆ ಅಪ್‌ಡೇಟ್ ಹಾಕಲೇಬೇಡಿ ಎನ್ನುತ್ತೀರಾ ಎಂದು ಯಾರಾದರೂ ಕೇಳಬಹುದು. ಖಂಡಿತ ಇಲ್ಲ. ಇದಕ್ಕೆ ಪೂರ್ತಿ ಎದುರಾದ ಎರಡು ಘಟನೆಗಳನ್ನು ಹೇಳುತ್ತೇನೆ, ಎರಡೂ 2019ರವು.

ಮೊದಲನೆಯದಕ್ಕೆ ಕೆಲವೇ ತಿಂಗಳ ಹಿಂದೆ, 2018ರ ಅಕ್ಟೋಬರಿನಲ್ಲಿ, ಐಓಎಸ್ 12.1ರ ಜತೆ 32 ಜನ ಒಟ್ಟಿಗೆ ಸೇರುವ ಗುಂಪು ಫೇಸ್‌ಟೈಮ್ ಬಂದಿತ್ತು. ಅದರಲ್ಲಿ ಒಂದು ಭಯಂಕರ ದೋಷವಿತ್ತು. ಯಾರಿಗಾದರೂ ಕರೆ ಮಾಡಿ, ಅವರು ಎತ್ತುವ ಮೊದಲೇ ಅದೇ ಕರೆಗೆ ನಿಮ್ಮದೇ ನಂಬರನ್ನು ಇನ್ನೊಮ್ಮೆ ಸೇರಿಸಿದರೆ ಸಾಕು, ಅವರ ಕೋಣೆಯ ಮಾತು ನಿಮಗೆ ಕೇಳಿಸುತ್ತಿತ್ತು. ಅವರು ಕರೆ ಎತ್ತಿರುವುದೇ ಇಲ್ಲ, ಆದರೂ ಮೈಕ್ ತೆರೆದಿರುತ್ತಿತ್ತು. ಇದನ್ನು ಕಂಡುಹಿಡಿದದ್ದು ಅರಿಜೋನದ 14 ವರ್ಷದ ಹುಡುಗ. ಸುದ್ದಿ ಜಗತ್ತಿಗೆ ತಿಳಿಯುವ ಒಂದು ವಾರಕ್ಕೂ ಮೊದಲೇ ಅವನ ತಾಯಿ ಕಂಪನಿಗೆ ತಿಳಿಸಲು ಪ್ರಯತ್ನಿಸಿದ್ದರು. ಜನವರಿ 28ರಂದು ವಿಷಯ ಸ್ಫೋಟವಾದಾಗ ಆಪಲ್ ತನ್ನ ಸರ್ವರಿನಲ್ಲೇ ಗುಂಪು ಕರೆಯನ್ನು ನಿಲ್ಲಿಸಿತು. ಫೆಬ್ರವರಿ 7ರಂದು 12.1.4 ಬಂತು. ಅದನ್ನು ಹಾಕಿಕೊಂಡವರಿಗೆ ಮಾತ್ರ ಗುಂಪು ಕರೆ ಮತ್ತೆ ತೆರೆಯಿತು. 2014ರಲ್ಲಿ ಬಳಸಿದ ಹಿಡಿತವೇ ಇಲ್ಲಿಯೂ ಬಳಕೆಯಾಯಿತು. ಈ ಬಾರಿ ಅದು ಜನರನ್ನು ಕಾಪಾಡಿತು.

ಎರಡನೆಯದು ವಾಟ್ಸಾಪಿನದು. 2016ರ ನವೆಂಬರಿನಲ್ಲಿ ವಿಡಿಯೊ ಕರೆ ಆರಂಭಿಸಿದ ವಾಟ್ಸಾಪ್ ನಮ್ಮ ದೇಶದಲ್ಲಿ ಆ ಕೆಲಸಕ್ಕೆ ಮನೆಮಾತೇ ಆಯಿತು. 2019ರ ಮೇನಲ್ಲಿ ಅದರ ಕರೆ ಭಾಗದಲ್ಲಿ ಒಂದು ಬಿರುಕು ಬಯಲಾಯಿತು. ವಿಶೇಷವಾಗಿ ಹೆಣೆದ ಒಂದು ಕರೆ ಬಂದರೆ ಸಾಕು, ಎತ್ತದಿದ್ದರೂ ಫೋನಿನೊಳಗೆ ಪೆಗಾಸಸ್ ಎಂಬ ಗೂಢಚಾರ ತಂತ್ರಾಂಶ ನುಸುಳುತ್ತಿತ್ತು. ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಆ ತಂತ್ರಾಂಶದಿಂದ ಸುಮಾರು 1,400 ಜನರನ್ನು ಗುರಿ ಮಾಡಲಾಗಿತ್ತು ಎಂದು ವಾಟ್ಸಾಪ್ ನ್ಯಾಯಾಲಯಕ್ಕೆ ಹೇಳಿತು. ಅವರಲ್ಲಿ ಭಾರತದ ವಕೀಲರು, ಪತ್ರಕರ್ತರು, ಹಕ್ಕುಗಳ ಹೋರಾಟಗಾರರೂ ಇದ್ದರು. ಫೋನಿನೊಳಗಿನ ಬಿರುಕು ಮುಚ್ಚಲು ಅಪ್‌ಡೇಟ್ ಬೇಕಿತ್ತು. ಆಮೇಲೆ ನೋಡೋಣ ಎಂದು ಅದನ್ನು ಮುಂದೂಡಿದವರ ಫೋನಿನಲ್ಲಿ ಬಿರುಕು ಹಾಗೇ ಉಳಿಯಿತು.

ಅಪ್‌ಡೇಟನ್ನು ಕಳಿಸುವ ಅಧಿಕಾರ ಬೇಕೇ ಬೇಕು. ತೊಂದರೆ ಇರುವುದು, ಒಂದೇ ಪೊಟ್ಟಣದಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ಕಟ್ಟಿ ಕಳಿಸುವುದರಲ್ಲಿ. ಭದ್ರತೆಯ ದುರಸ್ತಿ ಒಂದು. ಹೊಸ ಸೌಲಭ್ಯ ಇನ್ನೊಂದು. ಕಂಪನಿಯ ಲಾಭನಷ್ಟದ ಲೆಕ್ಕಾಚಾರ ಮೂರನೆಯದು. ಪೊಟ್ಟಣ ಬಿಚ್ಚಿ ಬೇಕಾದ್ದನ್ನಷ್ಟೇ ತೆಗೆದುಕೊಳ್ಳುವ ಅವಕಾಶ ನಮಗಿಲ್ಲ.

ಸೌಲಭ್ಯದ ಮಾತು ಬಂತು. ಅವುಗಳಲ್ಲಿ ನಿಜಕ್ಕೂ ಬದುಕು ಬದಲಿಸುವಂಥವಿವೆ. ಕಿವುಡರಿಗೆ ವಿಡಿಯೊ ಕರೆಯೆಂದರೆ ಮುಖ ನೋಡುವ ಸಂತೋಷ ಮಾತ್ರ ಅಲ್ಲ, ಅದೇ ಅವರ ದೂರವಾಣಿ. ಫೇಸ್‌ಟೈಮಿನ 2010ರ ಜಾಹೀರಾತಿನಲ್ಲೇ ಸನ್ನೆ ಭಾಷೆಯಲ್ಲಿ ಮಾತನಾಡುವ ಜೋಡಿಯೊಂದು ಇತ್ತು. ಆದರೆ ಗುಂಪು ಕರೆ ಬಂದಾಗ ಅವರಿಗೆ ಹೊಸ ತೊಡಕಾಯಿತು. ಯಾರ ಧ್ವನಿ ಕೇಳುತ್ತದೋ ಅವರ ಚೌಕ ದೊಡ್ಡದಾಗುವ ವ್ಯವಸ್ಥೆಯದು. ಕೈಯಲ್ಲಿ ಮಾತನಾಡುವವರು ಎಷ್ಟು ಮಾತನಾಡಿದರೂ ಮೂಲೆಯ ಸಣ್ಣ ಚೌಕದಲ್ಲೇ ಉಳಿಯುತ್ತಿದ್ದರು. 2020ರ ಐಓಎಸ್ 14 ಸನ್ನೆ ಭಾಷೆಯನ್ನು ಗುರುತಿಸಿ ಅವರ ಚೌಕವನ್ನೂ ಮುಂದೆ ತರಲು ಕಲಿತಿತು. ಇಂಥ ಅಪ್‌ಡೇಟಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಅದೇ ಐಓಎಸ್ 14ರಲ್ಲಿ ಕಣ್ಣಿನ ನೋಟ ತಿದ್ದುವ ಸೌಲಭ್ಯವೂ ಬಂತು. ನಾವು ನೋಡುವುದು ಪರದೆಯಲ್ಲಿರುವ ಮುಖವನ್ನು, ಕ್ಯಾಮೆರಾ ಇರುವುದು ಅದರ ಮೇಲೆ. ಹಾಗಾಗಿ ಎದುರಿನವರಿಗೆ ನಮ್ಮ ನೋಟ ತಗ್ಗಿದಂತೆ ಕಾಣುತ್ತದೆ. ತಂತ್ರಾಂಶ ಕಣ್ಣಿನ ಚಿತ್ರವನ್ನೇ ತಿದ್ದಿ, ನೇರ ಅವರನ್ನೇ ನೋಡುತ್ತಿರುವಂತೆ ಮಾಡುತ್ತದೆ. ನಾನು ನಿಮ್ಮನ್ನು ನೋಡಿದಂತೆ ನಿಮಗೆ ಕಾಣುತ್ತದೆ, ಆ ನೋಟ ನನ್ನದಲ್ಲ ಎಂಬುದನ್ನು ನಿಮಗೆ ಯಾರೂ ಹೇಳಿರುವುದಿಲ್ಲ. ಇದು ಸೆಟ್ಟಿಂಗ್ಸ್‌ನ ಒಂದು ಸಣ್ಣ ಗುಂಡಿಯಾಗಿ ಬಂದುಹೋಗುವ ವಿಷಯವೇ ಎಂದು ನನಗೆ ಅನುಮಾನವಿದೆ.

2023ರ ಐಓಎಸ್ 17ರಲ್ಲಿ ಕೈಸನ್ನೆಗೆ ಚಿತ್ರ ಹಾರುವ ವ್ಯವಸ್ಥೆ ಬಂತು. ಹೆಬ್ಬೆರಳು ಎತ್ತಿದರೆ ಮೆಚ್ಚುಗೆಯ ಗುಳ್ಳೆ, ಎರಡೂ ಹೆಬ್ಬೆರಳು ಎತ್ತಿದರೆ ಪಟಾಕಿ, ಎರಡು ಬೆರಳು ತೋರಿಸಿದರೆ ಬಲೂನು. ಮಕ್ಕಳಿಗೆ ಇದು ಖುಷಿ ಕೊಡುತ್ತದೆ. ಆದರೆ ಅದು ತಾನಾಗಿಯೇ ಚಾಲೂ ಆಗಿರುತ್ತಿತ್ತು, ಬೇರೆ ಆ್ಯಪ್‌ಗಳ ವಿಡಿಯೊ ಕರೆಯಲ್ಲೂ ಕೆಲಸ ಮಾಡುತ್ತಿತ್ತು. ಮನೋಚಿಕಿತ್ಸೆಯ ಕರೆಯಲ್ಲಿ ದುಃಖ ತೋಡಿಕೊಳ್ಳುತ್ತ ಕೈ ಆಡಿಸಿದ ವ್ಯಕ್ತಿಯ ಹಿಂದೆ ಬಲೂನು ಹಾರಿದರೆ ಹೇಗಿರುತ್ತದೆ? ಆನ್‌ಲೈನ್ ಚಿಕಿತ್ಸೆಯ ವೇದಿಕೆಯೊಂದು ಈ ಬಗ್ಗೆ ತನ್ನ ಚಿಕಿತ್ಸಕರನ್ನು ಮುಂಚಿತವಾಗಿ ಎಚ್ಚರಿಸಬೇಕಾಯಿತು. ಹೊಸ ಸೌಲಭ್ಯವನ್ನು ಆಫ್ ಮಾಡಿಟ್ಟು ಕಳಿಸಿ, ಬೇಕಾದವರು ಚಾಲೂ ಮಾಡಿಕೊಳ್ಳಲಿ. ಇಷ್ಟು ಸಣ್ಣ ಸೌಜನ್ಯವನ್ನು ಕೇಳುವ ಹಕ್ಕು ನಮಗಿದೆ.

ಹಳೆಯ ಫೋನುಗಳ ವಿಷಯಕ್ಕೆ ಬರೋಣ. ಕೆಲವು ತಿಂಗಳ ಹಿಂದೆ ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ನಿಂತಿದ್ದೆ. ಎಪ್ಪತ್ತು ದಾಟಿದ ಒಬ್ಬ ಅಮ್ಮ ಬಂದರು. ಸೊಸೆ ಹೊಸ ಫೋನು ಕೊಂಡಾಗ ಇವರಿಗೆ ದಾಟಿಸಿದ ಹಳೆಯ ಫೋನು ಅದು. ಬ್ಲೌಸ್ ಪೀಸಿನಲ್ಲಿ ಸುತ್ತಿ ತಂದಿದ್ದರು. ಪರದೆಯ ಮೇಲೆ ಒಂದು ಗೀರೂ ಇರಲಿಲ್ಲ.

‘ಮಗನ ಮುಖ ಕಾಣ್ತಾ ಇಲ್ಲ ಕಣಪ್ಪ, ಸ್ವಲ್ಪ ನೋಡು.’

ಅಂಗಡಿಯ ಹುಡುಗ ನೋಡಿದ. ಸೆಟ್ಟಿಂಗ್ಸ್ ತೆರೆದ, ಅಬೌಟ್ ಫೋನ್ ಒತ್ತಿದ, ಆವೃತ್ತಿಯ ಸಂಖ್ಯೆ ಓದಿದ. ‘ಇದಕ್ಕೆ ಅಪ್‌ಡೇಟ್ ಬರಲ್ಲ ಅಮ್ಮಾ. ಕಂಪನಿಯವರು ನಿಲ್ಲಿಸಿಬಿಟ್ಟಿದ್ದಾರೆ. ಕಾಲ್ ಮಾಡೋ ಆ್ಯಪ್ ಇದರಲ್ಲಿ ಇನ್ನು ನಡೆಯಲ್ಲ.’

‘ಮೊನ್ನೆ ಮಾತಾಡಿದೀನಲ್ಲಪ್ಪ ಇದರಲ್ಲೇ. ಏನು ಕೆಟ್ಟಿದೆ ಹೇಳು, ಹಾಕಿಸ್ತೀನಿ.’

‘ಏನೂ ಕೆಟ್ಟಿಲ್ಲ ಅಮ್ಮಾ.’

ಆ ಹುಡುಗ ಹೇಳಿದ್ದು ಅಕ್ಷರಶಃ ನಿಜ. ಬ್ಯಾಟರಿ ಸರಿ, ಕ್ಯಾಮೆರಾ ಸರಿ, ಸ್ಪೀಕರ್ ಸರಿ. ನಿಂತದ್ದು ಎರಡು ಪದರದ ನಡುವಿನ ನಂಟು. ಫೋನು ತಯಾರಿಸಿದವರು ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ನಿಲ್ಲಿಸುತ್ತಾರೆ. ಕೆಲ ವರ್ಷ ಕಳೆದ ಮೇಲೆ ಆ್ಯಪ್ ಮಾಡುವವರು ಇಷ್ಟು ಹಳೆಯ ಆವೃತ್ತಿಯನ್ನು ನಾವು ಬೆಂಬಲಿಸುವುದಿಲ್ಲ ಎನ್ನುತ್ತಾರೆ. ಇಬ್ಬರ ಕಾರಣವೂ ಅವರವರ ಮಟ್ಟಿಗೆ ನ್ಯಾಯವೇ. ಹಳೆಯ ಆವೃತ್ತಿಗಳಲ್ಲಿ ಮುಚ್ಚದ ಬಿರುಕುಗಳಿರುತ್ತವೆ, ಪ್ರತಿಯೊಂದಕ್ಕೂ ಬೇರೆ ಪರೀಕ್ಷೆ ನಡೆಸುವುದು ಸುಲಭವಲ್ಲ. ಆದರೆ ಈ ಇಬ್ಬರ ನಡುವೆ ಆ ಅಮ್ಮನ ಪ್ರಶ್ನೆಗೆ ಉತ್ತರಿಸುವವರು ಯಾರೂ ಇಲ್ಲ. ಕೈಯಲ್ಲಿ ಒಳ್ಳೆಯ ಫೋನು ಹಿಡಿದು ಅವರು ಹೊಸ ಫೋನಿನ ದರ ಕೇಳಿಕೊಂಡು ಹೋದರು.

ಬೇರೆ ದೇಶಗಳು ಈ ಪ್ರಶ್ನೆಯನ್ನು ಕಾನೂನಿನ ಭಾಷೆಗೆ ತಂದಿವೆ. 2018ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ, ಅಪ್‌ಡೇಟುಗಳಿಂದ ಹಳೆಯ ಫೋನುಗಳ ಕಾರ್ಯಕ್ಷಮತೆ ಕುಂದಿತೆಂದು ಆಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ, ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಮಾರುವ ಹೊತ್ತಿಗೇ ತಿಳಿಸುವುದು ಕಡ್ಡಾಯ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಉಚಿತವಾಗಿ ಸಿಗಬೇಕೆನ್ನುತ್ತದೆ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷದ ಮಾತು ಕೊಟ್ಟವು. ಇವೆಲ್ಲ ದುಬಾರಿ ಫೋನುಗಳು. ನಮ್ಮ ಹಳ್ಳಿ ಪೇಟೆಗಳಲ್ಲಿ ಹೆಚ್ಚು ಮಾರಾಟವಾಗುವ ಹತ್ತು ಹನ್ನೆರಡು ಸಾವಿರದ ಫೋನಿಗೆ ಇಷ್ಟು ದೀರ್ಘದ ಭರವಸೆ ಅಪರೂಪ.

ನಮ್ಮಲ್ಲೂ ಒಂದು ಹೆಜ್ಜೆ ಬಿದ್ದಿದೆ. ಐಓಎಸ್ 18ರ ಅಪ್‌ಡೇಟಿನ ನಂತರ ಫೋನಿನ ಕಾರ್ಯಕ್ಷಮತೆ ಕುಂದಿದೆ ಎಂಬ ದೂರುಗಳು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದವು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆಪಲ್‌ಗೆ ನೋಟಿಸ್ ಕೊಟ್ಟಿದೆ ಎಂದು 2025ರ ಜನವರಿಯಲ್ಲಿ ಪ್ರಕಟಿಸಿದವರು ಧಾರವಾಡದ ಸಂಸದರೂ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರೂ ಆದ ಪ್ರಲ್ಹಾದ ಜೋಶಿ. ಅಪ್‌ಡೇಟಿನಿಂದಾಗುವ ತೊಂದರೆಯೂ ಗ್ರಾಹಕನ ದೂರೇ ಎಂದು ಒಪ್ಪಿಕೊಂಡದ್ದು ಸಣ್ಣ ವಿಷಯವಲ್ಲ. ಆದರೆ ದೂರು ಬಂದ ಮೇಲೆ ನೋಟಿಸ್ ಕೊಡುವುದು ಬೇರೆ, ಮಾರುವ ಮೊದಲೇ ಕರಾರು ಕೇಳುವುದು ಬೇರೆ. ಫೋನಿನ ಡಬ್ಬಿಯ ಮೇಲೆ ಬೆಲೆ, ತಯಾರಾದ ತಿಂಗಳು ಮುದ್ರಿಸಿರುತ್ತಾರೆ. ಅದೇ ಅಕ್ಷರದಲ್ಲಿ, ಈ ಫೋನಿಗೆ ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತದೆ ಎಂದು ಕನ್ನಡದಲ್ಲೂ ಮುದ್ರಿಸಲಿ ಎಂಬುದು ನನ್ನ ಮೊದಲ ಬೇಡಿಕೆ.

ಎರಡನೆಯದು, ಪೊಟ್ಟಣ ಬಿಚ್ಚುವುದು. ಇದು ಸಾಧ್ಯವೇ ಎಂದು ಕೇಳುವವರಿಗೆ ಉತ್ತರ ಕಂಪನಿಗಳ ನಡೆಯಲ್ಲೇ ಇದೆ. 2021ರಲ್ಲಿ ಐಓಎಸ್ 15 ಬಂದಾಗ, ಬೇಡವೆನ್ನುವವರು 14ರಲ್ಲೇ ಉಳಿದು ಭದ್ರತಾ ಅಪ್‌ಡೇಟ್ ಮಾತ್ರ ಪಡೆಯಬಹುದು ಎಂದು ಆಪಲ್ ಅವಕಾಶ ಕೊಟ್ಟಿತು. ನಾನು ಕೇಳುತ್ತಿರುವುದು ಅದನ್ನೇ. 2022ರ ಜನವರಿಯ ಹೊತ್ತಿಗೆ ಆ ಅವಕಾಶ ಇಲ್ಲವಾಯಿತು, ಅದು ತಾತ್ಕಾಲಿಕವೆಂದೇ ಉದ್ದೇಶಿಸಿದ್ದು ಎಂದು ಕಂಪನಿ ಹೇಳಿತು. 2023ರಲ್ಲಿ ಭದ್ರತೆಯ ತುಣುಕನ್ನಷ್ಟೇ ಪ್ರತ್ಯೇಕವಾಗಿ, ಬೇಗ ಕಳಿಸುವ ವಿಧಾನ ಬಂತು, ಬೇಡವಾದರೆ ತೆಗೆದುಹಾಕಲೂ ಬರುತ್ತಿತ್ತು. ಅದೇ ವರ್ಷದ ಜುಲೈನಲ್ಲಿ ಬಂದ ಒಂದು ತುಣುಕಿನಿಂದ, ಆವೃತ್ತಿ ಸಂಖ್ಯೆಯ ಕೊನೆಗೆ ಆವರಣದಲ್ಲಿ ಸೇರಿದ ಒಂದು ಅಕ್ಷರವನ್ನು ಓದಲಾಗದೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಜೂಮ್‌ನ ಜಾಲತಾಣಗಳು ಎಡವಿದವು. ಕಂಪನಿ ತುಣುಕನ್ನು ಹಿಂತೆಗೆದು ಕೆಲವೇ ದಿನಗಳಲ್ಲಿ ಸರಿಪಡಿಸಿ ಮತ್ತೆ ಕಳಿಸಿತು. ತಪ್ಪಾಯಿತು, ಆದರೆ ಹಿಂದಿರುಗುವ ದಾರಿ ತೆರೆದಿತ್ತು. 2014ರಲ್ಲಿ ಐಫೋನ್ 4 ಹಿಡಿದವರಿಗೆ ಇಲ್ಲದಿದ್ದದ್ದು ಆ ದಾರಿಯೇ.

ಮೂರನೆಯದು ಕರೆಗೆ ಮಾತ್ರ ಸಂಬಂಧಿಸಿದ್ದು. ಆ್ಯಪ್‌ನ ಉಳಿದೆಲ್ಲ ಅಲಂಕಾರ ಹೊಸ ಫೋನಿಗೇ ಇರಲಿ, ನನ್ನ ಆಕ್ಷೇಪವಿಲ್ಲ. ಇಬ್ಬರ ನಡುವಿನ ಸಾದಾ ವಿಡಿಯೊ ಕರೆಯನ್ನು ಒಂದು ಆವೃತ್ತಿಗೆ ನಿಲ್ಲಿಸುವ ಮೊದಲು ಕನಿಷ್ಠ ಒಂದು ವರ್ಷದ ಮುನ್ಸೂಚನೆ ಇರಬೇಕು. ಆ ಸೂಚನೆ ಎರಡೂ ತುದಿಗೆ ಹೋಗಬೇಕು, ನಿಮ್ಮ ತಾಯಿಯ ಫೋನಿಗೆ ಈ ಕರೆ ಇಂಥ ತಿಂಗಳಿಂದ ಹೋಗುವುದಿಲ್ಲ ಎಂದು ಡಲ್ಲಾಸಿನಲ್ಲಿರುವ ಮಗನಿಗೂ ತಿಳಿಯಬೇಕು. ಯಾರು ಯಾರಿಗೆ ಕರೆ ಮಾಡುತ್ತಾರೆ, ಆಚೆಯ ಫೋನಿನ ಆವೃತ್ತಿ ಯಾವುದು ಎಂಬುದು ಕಂಪನಿಯ ಸರ್ವರ್‌ಗೆ ಗೊತ್ತಿರುವ ವಿಷಯವೇ. ಅದನ್ನು ಕರೆ ತಡೆಯಲು ಬಳಸಬಹುದಾದರೆ, ಮುಂಚಿತವಾಗಿ ತಿಳಿಸಲೂ ಬಳಸಬಹುದು. ಗ್ರಾಹಕ ರಕ್ಷಣಾ ಪ್ರಾಧಿಕಾರದ ಮುಂದೆ ಇಡಲು ಈ ಮೂರು ಬೇಡಿಕೆಗಳ ಮನವಿಯೊಂದನ್ನು ಸಿದ್ಧಪಡಿಸಿ ತಂದಿದ್ದೇನೆ. ಅದು ಸಭಾಂಗಣದ ಬಾಗಿಲ ಬಳಿಯ ಮೇಜಿನ ಮೇಲಿದೆ. ಓದಿ, ಸರಿಯೆನಿಸಿದರೆ ಸಹಿ ಹಾಕಿ.